ಫಿಟ್ಸಿನ ಔಷಧವೂ ಮಗುವಿನ ನಡಿಗೆಯೂ



ಬೀಜೋಪಚಾರ, ಗೊಬ್ಬರದ ಪ್ರಮಾಣ, ಕಡಲೆಯ ಕಾಯಿಕೊರಕ ಇವುಗಳ ಪಾಠವನ್ನು ಈ ಪತ್ರಿಕೆಯಲ್ಲಿ ಓದುವ ರೂಢಿ ನಿಮಗುಂಟು. ಈ ಸಲದ ಪಾಠ ಬೇರೆ. ಯರಗಟ್ಟಿಯ ಸುತ್ತಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋದಾಗ, ಬೆಳೆಯ ಮಾತು ಮುಗಿದ ಮೇಲೆ ತಾಯಂದಿರು ಬಾಗಿಲ ಮರೆಯಿಂದ ಕೇಳುವ ಒಂದು ಪ್ರಶ್ನೆ ಇದೆ: "ಫಿಟ್ಸಿನ ಗುಳಿಗೆ ಚಾಲೂ ಮಾಡಿದಾಗಿನಿಂದ ಹುಡುಗ ನೆಟ್ಟಗ ನಡ್ಯಾವಲ್ಲ, ಕೈ ನಡಗತಾವ. ಗುಳಿಗೆ ಬಿಡಸೂಣೇನ್ರಿ?"

ನಾನು ಕೃಷಿ ಡಿಪ್ಲೊಮಾ ಕಲಿತವನು, ಡಾಕ್ಟರನಲ್ಲ. ಆದುದರಿಂದ ಗುಳಿಗೆ ಹೆಚ್ಚಿಸಿ, ಕಡಿಮೆ ಮಾಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಅವಸರದಲ್ಲಿದ್ದವರು ಇಷ್ಟನ್ನಾದರೂ ಓದಿರಲಿ: ನಿಮ್ಮಷ್ಟಕ್ಕೆ ನೀವೇ ಗುಳಿಗೆ ಬಿಡಿಸಕೂಡದು, ಆದರೆ ಸುಮ್ಮನೆ ಕೂಡ್ರಲೂಬಾರದು. ಮಗುವನ್ನೂ ಔಷಧದ ಬಾಟಲಿಯನ್ನೂ ಎರಡು ದಿನದೊಳಗೆ ಡಾಕ್ಟರರಿಗೆ ತೋರಿಸಬೇಕು. ಮಗು ಎದ್ದು ನಿಲ್ಲಲಾರದಷ್ಟು ತೂರಾಡುತ್ತಿದ್ದರೆ, ಮಂಪರಿನಲ್ಲಿದ್ದರೆ, ಮೇಲಿಂದ ಮೇಲೆ ವಾಂತಿ ಮಾಡುತ್ತಿದ್ದರೆ ಆ ದಿನವೇ ಹೋಗಬೇಕು. ಯಾಕೆ ಎಂಬುದನ್ನು ಇನ್ನು ಮುಂದೆ ವಿವರಿಸುತ್ತೇನೆ.

ಇದು ಎಷ್ಟು ಮನೆಗಳ ಮಾತು?

ಕೆಲವರು ಮೂರ್ಛೆರೋಗ ಎನ್ನುತ್ತೀರಿ, ಹಿರಿಯರು ಮಲರೋಗ ಎನ್ನುತ್ತಾರೆ, ಪುಸ್ತಕದಲ್ಲಿ ಅಪಸ್ಮಾರ ಎಂದಿರುತ್ತದೆ. ಈಗ ಎಲ್ಲರ ಬಾಯಲ್ಲೂ ಫಿಟ್ಸ್. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಜನರನ್ನು ಮನೆ ಮನೆ ತಿರುಗಿ ವಿಚಾರಿಸಿ, 2004ರಲ್ಲಿ ಲೆಕ್ಕ ಪ್ರಕಟಿಸಿದರು. ಹಳ್ಳಿಗಳಲ್ಲಿ ಸಾವಿರಕ್ಕೆ ಸುಮಾರು 12 ಮಂದಿಗೆ ಈ ರೋಗವಿತ್ತು. ನಗರದಲ್ಲಿ ಅದರ ಅರ್ಧದಷ್ಟು. ಅದೇ ಲೆಕ್ಕ ಹಿಡಿದರೆ ಮೂರು ಸಾವಿರ ಜನರಿರುವ ನಮ್ಮ ಊರೊಂದರಲ್ಲಿ ಮೂವತ್ತಕ್ಕೂ ಹೆಚ್ಚು ಜನ ಆಗುತ್ತಾರೆ. ಅಷ್ಟು ಜನ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಮನೆಯವರು ಮುಚ್ಚಿಡುತ್ತಾರೆ. ಹೆಣ್ಣುಮಗುವಾದರೆ ಇನ್ನೂ ಹೆಚ್ಚು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಮನೆಯಲ್ಲಿ ಔಷಧದ ತೊಂದರೆಯೂ ಮುಚ್ಚಿಯೇ ಹೋಗುತ್ತದೆ. ಮಗು ಬೀಳುತ್ತ ಏಳುತ್ತ ಇರುತ್ತದೆ.

ಔಷಧದಿಂದ ನಡಿಗೆ ಕೆಡುವುದು ಹೇಗೆ?

ಕೂರಿಗೆ ಹೂಡಿದಾಗ ಎಳೆಯುವುದು ಎತ್ತು. ಸಾಲು ನೆಟ್ಟಗೆ ಬರುವುದು ಮಾತ್ರ ಹಿಂದೆ ಹಿಡಿದವನ ಕೈಯಿಂದ. ಮನುಷ್ಯನ ತಲೆಯಲ್ಲೂ ಹಾಗೆಯೇ. ಕೈಕಾಲು ಆಡಿಸುವ ಅಪ್ಪಣೆ ದೊಡ್ಡ ಮೆದುಳಿನಿಂದ ಬರುತ್ತದೆ. ಹೆಜ್ಜೆ ಸಾಲು ತಪ್ಪದಂತೆ, ಕೈ ಗುರಿ ತಪ್ಪದಂತೆ ನೋಡಿಕೊಳ್ಳುವುದು ತಲೆಯ ಹಿಂಭಾಗದ ಕಿರುಮೆದುಳು. ಫಿಟ್ಸ್ ಎಂದರೆ ಮೆದುಳಿನ ಕೆಲವು ಕಣಗಳು ಒಮ್ಮೆಲೇ ಅತಿಯಾಗಿ ಕೆರಳುವುದು. ಆ ಕೆರಳಿಕೆಯನ್ನು ತಣಿಸುವುದಕ್ಕೇ ಗುಳಿಗೆ. ಆದರೆ ಗುಳಿಗೆಗೆ ಕೆರಳಿದ ಜಾಗ ಯಾವುದು, ಸುಮ್ಮನಿದ್ದ ಜಾಗ ಯಾವುದು ಎಂದು ಪೂರ್ತಿ ಗೊತ್ತಾಗುವುದಿಲ್ಲ. ಪ್ರಮಾಣ ಮಿತಿಯಲ್ಲಿದ್ದಾಗ ಕೆರಳಿಕೆ ಮಾತ್ರ ತಣಿಯುತ್ತದೆ. ಮಿತಿ ಮೀರಿದಾಗ ಕೂರಿಗೆ ಹಿಡಿದ ಕೈಗೂ ತೂಕಡಿಕೆ ಹತ್ತುತ್ತದೆ. ಆಗ ಮಗು ಕಾಲು ಅಗಲಿಸಿ ನಡೆಯುತ್ತದೆ, ತಿರುಗುವಾಗ ಜೋಲಿ ಹೊಡೆಯುತ್ತದೆ, ಲೋಟ ಹಿಡಿದರೆ ನೀರು ತುಳುಕುತ್ತದೆ, ಮಾತು ತೊದಲುತ್ತದೆ.

ಎಲ್ಲ ಮಕ್ಕಳಿಗೂ ಹೀಗಾಗುತ್ತದೆಂದು ತಿಳಿಯಬೇಡಿ. ಬಹಳಷ್ಟು ಮಕ್ಕಳು ಗುಳಿಗೆ ನುಂಗಿಕೊಂಡು ಓಡಾಡುತ್ತ, ಶಾಲೆಗೆ ಹೋಗುತ್ತ, ಕೊನೆಗೆ ಡಾಕ್ಟರರ ಅಪ್ಪಣೆಯ ಮೇರೆಗೆ ಗುಳಿಗೆ ನಿಲ್ಲಿಸಿ ಚೆನ್ನಾಗಿಯೇ ಇರುತ್ತಾರೆ.

ಯಾವ ಔಷಧ, ಯಾವ ತೊಂದರೆ?

ಚೀಟಿಯ ಮೇಲೆ ಕಂಪನಿಯ ಹೆಸರು ಏನೇ ಇರಲಿ, ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಔಷಧದ ನಿಜವಾದ ಹೆಸರು ಬರೆದಿರುತ್ತದೆ. ಕ್ರಿಮಿನಾಶಕದ ಡಬ್ಬಿಯ ಮೇಲೆ ತಾಂತ್ರಿಕ ಹೆಸರು ನೋಡಿರಿ ಎಂದು ನಾನು ನಿಮಗೆ ಎಷ್ಟೋ ಸಲ ಹೇಳಿದ್ದುಂಟು. ಇದೂ ಅದೇ ಅಭ್ಯಾಸ. ಇಂಗ್ಲಿಷ್ ಬಾರದವರು ಶಾಲೆಯ ಮಕ್ಕಳಿಂದ ಓದಿಸಿಕೊಳ್ಳಬಹುದು.

ಮೊದಲನೆಯದು ಫೆನಿಟಾಯಿನ್. ಫಿಟ್ಸಿಗೆ ಇದು ಉಪಯೋಗವಾಗುತ್ತದೆಂದು ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಎಂಬ ವೈದ್ಯರು 1938ರಲ್ಲಿ ತೋರಿಸಿದರು. ಅಗ್ಗ, ಗುಣಕಾರಿ, ಸರಕಾರಿ ದವಾಖಾನೆಗಳಲ್ಲಿಯೂ ಇರುತ್ತದೆ. ಆದರೆ ನಡಿಗೆಯ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಇದಕ್ಕೇ. ಕಾರಣವನ್ನು ರೈತನಿಗೆ ತಿಳಿಸುವುದು ಸುಲಭ. ನಿಮ್ಮ ಹೊಲಗಾಲುವೆಯನ್ನು ನೆನೆಯಿರಿ. ಅದು ಇಂತಿಷ್ಟು ನೀರನ್ನು ಸಾಗಿಸಬಲ್ಲದು. ಮಲಪ್ರಭೆಯ ತೂಬಿನಿಂದ ಅಷ್ಟರೊಳಗೆ ನೀರು ಬಿಟ್ಟರೆ ಬಂದದ್ದು ಬಂದ ಹಾಗೆ ಹರಿದುಹೋಗುತ್ತದೆ. ಅಂಚಿನವರೆಗೆ ತುಂಬಿದ ಮೇಲೆ ಇನ್ನು ನಾಲ್ಕು ಬೆರಳು ನೀರು ಹೆಚ್ಚಾದರೂ ಸಾಕು, ಬದು ಒಡೆದು ಹೊಲವೆಲ್ಲ ನೀರಾಗುತ್ತದೆ. ನಮ್ಮ ಯಕೃತ್ತು ಫೆನಿಟಾಯಿನ್ನನ್ನು ಕರಗಿಸಿ ಹೊರಗೆ ಹಾಕುವ ಕಾಲುವೆ. ಅದರ ಶಕ್ತಿ ತುಂಬುವವರೆಗೆ ಚಿಂತೆಯಿಲ್ಲ; ತುಂಬಿದ ಮೇಲೆ ಸ್ವಲ್ಪವೇ ಔಷಧ ಹೆಚ್ಚಿಸಿದರೂ ರಕ್ತದಲ್ಲಿ ಅದರ ಪ್ರಮಾಣ ಒಮ್ಮೆಲೇ ಏರುತ್ತದೆ. ಬೇರೆ ಹೆಚ್ಚಿನ ಔಷಧಗಳು ಹೀಗಲ್ಲ, ಒಂದೂವರೆ ಪಟ್ಟು ಕೊಟ್ಟರೆ ರಕ್ತದಲ್ಲಿಯೂ ಸುಮಾರು ಒಂದೂವರೆ ಪಟ್ಟೇ ಆಗುತ್ತದೆ. ಫೆನಿಟಾಯಿನ್ ಮಾತ್ರ ಆ ಲೆಕ್ಕಕ್ಕೆ ಸಿಗುವುದಿಲ್ಲ.

ರಕ್ತದ ಪ್ರತಿ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇದ್ದರೆ ಸಾಧಾರಣವಾಗಿ ಸರಿಯಾದ ಮಟ್ಟ. 20 ದಾಟಿದಾಗ ಪಕ್ಕಕ್ಕೆ ನೋಡುವಾಗ ಕಣ್ಣುಗುಡ್ಡೆ ಅದುರುತ್ತದೆ. 30ರ ಸುಮಾರಿಗೆ ನಡಿಗೆ ತೂರಾಡುತ್ತದೆ. 40 ದಾಟಿದರೆ ಮಂಪರು, ಅಡ್ಡತಿಡ್ಡ ಮಾತು. ಇದು ಮಗುವಿನಿಂದ ಮಗುವಿಗೆ ತುಸು ವ್ಯತ್ಯಾಸವಾದೀತು, ಆದರೆ ಏರುವ ಮೆಟ್ಟಿಲು ಇದೇ. ಅಪರೂಪಕ್ಕೆ ಕೆಲವು ಮಕ್ಕಳಲ್ಲಿ, ಅದರಲ್ಲೂ ಮೊದಲೇ ಮೆದುಳಿಗೆ ಪೆಟ್ಟಾದ ಮಕ್ಕಳಲ್ಲಿ, ಕೈಕಾಲು ಮುಖಗಳು ತಾವಾಗಿಯೇ ಹೊರಳಾಡುವುದೂ ಕುಣಿಯುವುದೂ ಉಂಟು. ನೋಡಿದವರು ಮೈಮೇಲೆ ಏನೋ ಬಂದಿದೆ ಎನ್ನುತ್ತಾರೆ. ಬಂದಿರುವುದು ಔಷಧದ ಹೆಚ್ಚಳ. ಪ್ರಮಾಣ ಸರಿಪಡಿಸಿದರೆ ಸಾಧಾರಣವಾಗಿ ಇಳಿಯುತ್ತದೆ. ಆದರೆ ಹೆಚ್ಚಾದ ಪ್ರಮಾಣವನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಕಿರುಮೆದುಳು ಸೊರಗಿ, ತೂರಾಟ ಜನ್ಮಕ್ಕೆ ನಿಂತುಬಿಡಬಹುದು. "ನಾಳೆ ನೋಡೋಣ" ಎನ್ನಬಾರದೆಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಎರಡನೆಯದು ಸೋಡಿಯಂ ವಾಲ್ಪ್ರೊಯೇಟ್. ಇದರ ಕಥೆ ಸ್ವಾರಸ್ಯವಾದುದು. 1962ರ ಸುಮಾರಿಗೆ ಫ್ರಾನ್ಸ್ ದೇಶದಲ್ಲಿ ಬೇರೆ ಔಷಧಗಳನ್ನು ಪರೀಕ್ಷಿಸುವಾಗ ಅವನ್ನು ಕರಗಿಸುವುದಕ್ಕೆಂದು ಒಂದು ದ್ರವ ಬಳಸುತ್ತಿದ್ದರು. ಯಾವ ಔಷಧ ಕರಗಿಸಿ ಕೊಟ್ಟರೂ ಫಿಟ್ಸ್ ನಿಲ್ಲತೊಡಗಿತು. ನೋಡಿದರೆ ಗುಣವಿದ್ದದ್ದು ಆ ದ್ರವಕ್ಕೇ! ಸಿಂಪರಣೆಯಲ್ಲಿ ಔಷಧಕ್ಕಿಂತ ಅಂಟೇ ಹುಳ ಕೊಂದ ಹಾಗಾಯಿತು. ಇದು ಹಲವು ಬಗೆಯ ಫಿಟ್ಸಿಗೆ ಒಳ್ಳೆಯದು. ಇದರ ತೊಂದರೆ ಕೈನಡುಕ. ಕೈ ಚಾಚಿದಾಗ, ಸೂಜಿಗೆ ದಾರ ಪೋಣಿಸುವಾಗ, ಬರೆಯುವಾಗ ಬೆರಳು ಸಣ್ಣಗೆ ನಡುಗುತ್ತವೆ. ಕೈ ತೊಡೆಯ ಮೇಲಿಟ್ಟಾಗ ನಿಲ್ಲುತ್ತದೆ. ಪ್ರಮಾಣ ಹೆಚ್ಚಿದ್ದಷ್ಟೂ ನಡುಕ ಹೆಚ್ಚು. ಜೊತೆಗೆ ಲ್ಯಾಮೋಟ್ರಿಜಿನ್ ಎಂಬ ಗುಳಿಗೆಯೂ ಇದ್ದರೆ ನಡುಕ ಇನ್ನೂ ಏರುವುದುಂಟು. ಇದು ಅಪಾಯದ ನಡುಕವಲ್ಲ, ಆದರೆ ಶಾಲೆಯ ಮಗುವಿಗೆ ಅಕ್ಷರ ಕೆಟ್ಟರೆ ಅದೇನು ಸಣ್ಣ ಮಾತಲ್ಲ. ವಾಲ್ಪ್ರೊಯೇಟ್ ತೆಗೆದುಕೊಳ್ಳುವ ಮಗು ಮೇಲಿಂದ ಮೇಲೆ ವಾಂತಿ ಮಾಡಿ, ಮಂಕಾಗಿ ಮಲಗಿಬಿಟ್ಟರೆ ಮಾತ್ರ ಅದು ಯಕೃತ್ತಿನ ಸೂಚನೆ ಇರಬಹುದು, ತಡಮಾಡಕೂಡದು.

ಮೂರನೆಯದು ಕಾರ್ಬಮಜೆಪಿನ್. ಗುಳಿಗೆ ನುಂಗಿದ ಎರಡು ಮೂರು ತಾಸಿಗೆ ತಲೆ ತಿರುಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಕಾಲು ಅಡ್ಡಾದಿಡ್ಡಿ ಬೀಳುವುದು ಇದರ ಗುರುತು. ಸಂಜೆಯ ಹೊತ್ತಿಗೆ ತಾನಾಗಿ ಸರಿಹೋಗುವುದರಿಂದ "ಬಿಸಿಲಿಗೆ ಆಗಿತ್ತು" ಎಂದು ಮನೆಯವರು ಬಿಟ್ಟುಬಿಡುತ್ತಾರೆ. ಗುಳಿಗೆಯ ವೇಳೆಯನ್ನೂ ತೊಂದರೆಯ ವೇಳೆಯನ್ನೂ ಬರೆದಿಟ್ಟರೆ ಸಂಗತಿ ಹೊರಬೀಳುತ್ತದೆ. ಆಗ ಡಾಕ್ಟರರು ಅದನ್ನೇ ಮೂರು ಪಾಲು ಮಾಡಿ ಕೊಡಬಹುದು, ಇಲ್ಲವೆ ನಿಧಾನವಾಗಿ ಕರಗುವ ಗುಳಿಗೆಗೆ ಬದಲಿಸಬಹುದು. ಕೆಲವು ಮಕ್ಕಳಲ್ಲಿ ಕಣ್ಣು ಮಿಟುಕಿಸುವ, ಹೆಗಲು ಹಾರಿಸುವ ಚಟವೂ ಕಾಣಿಸಿಕೊಳ್ಳುತ್ತದೆ; ಹೊಡೆದು ಬಿಡಿಸುವ ಚಟವಲ್ಲ ಅದು. ಇನ್ನೊಂದು ಮಾತು: ಬೆಳಿಗ್ಗೆ ಎದ್ದಕೂಡಲೆ ಕೈ ಝಳಕ್ಕೆಂದು ಹಾರಿ ಕಪ್ಪು ಬಸಿ ಬೀಳುವಂಥ ಫಿಟ್ಸ್ ಒಂದುಂಟು. ಆ ಬಗೆಗೆ ಕಾರ್ಬಮಜೆಪಿನ್ ಕೊಟ್ಟರೆ ಹಾರುವಿಕೆ ಹೆಚ್ಚಾಗಬಹುದು. ಗುಳಿಗೆ ಬದಲಾದ ಮೇಲೆ ಇಂಥದು ಹೆಚ್ಚಿದರೆ ಹಾಗೆಂದೇ ಡಾಕ್ಟರರಿಗೆ ಹೇಳತಕ್ಕದ್ದು.

ಫಿನೋಬಾರ್ಬಿಟೋನ್ ಎಲ್ಲಕ್ಕಿಂತ ಹಳೆಯದು, 1912ರಿಂದ ಫಿಟ್ಸಿಗೆ ಬಳಕೆಯಲ್ಲಿದೆ. ಇದರಿಂದ ಕೆಲವು ಮಕ್ಕಳು ತೂಕಡಿಸುತ್ತಾರೆ, ಕೆಲವರು ತದ್ವಿರುದ್ಧವಾಗಿ ಒಂದು ಕಡೆ ಕೂಡ್ರದೆ ಮನೆ ತಲೆಯ ಮೇಲೆ ಹೊರುತ್ತಾರೆ. ಅದರ ಬಗ್ಗೆ ಭಯ ಹೆಚ್ಚಿದ್ದಾಗ ಪಶ್ಚಿಮ ಬಂಗಾಲದ ಹಳ್ಳಿಗಳಲ್ಲಿ 94 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಇದನ್ನೂ ಇನ್ನೊಂದಕ್ಕೆ ಫೆನಿಟಾಯಿನ್ನನ್ನೂ ಕೊಟ್ಟು ನೋಡಿದರು. 1998ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಮಕ್ಕಳ ನಡವಳಿಕೆಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಮ್ಮಲ್ಲಿ ಬೀಜದ ತಳಿಗಳನ್ನು ಪಕ್ಕಪಕ್ಕದ ಮಡಿಗಳಲ್ಲಿ ಬೆಳೆದು ಹೋಲಿಸುವ ಹಾಗೆಯೇ ಇದು.

ಕ್ಲೋಬಜಾಮ್, ಕ್ಲೊನಜೆಪಾಮ್ ಮುಂತಾದವುಗಳಿಂದ ಮೈ ಸಡಿಲವಾಗುತ್ತದೆ. ಎಳೆಯ ಕೂಸಾದರೆ ಕತ್ತು ನಿಲ್ಲಿಸುತ್ತಿದ್ದದ್ದು ವಾಲುತ್ತದೆ, ಜೊಲ್ಲು ಹೆಚ್ಚು ಸುರಿಯುತ್ತದೆ, ಕೆಲವಕ್ಕೆ ಹಾಲು ನುಂಗುವುದೂ ಕಷ್ಟ. ಕೂಸುಗಳಿಗೆ ತಲೆ ಬಾಗಿ ಬಾಗಿ ಬರುವ ಒಂದು ಜಾತಿಯ ಫಿಟ್ಸಿಗೆ ವಿಗಾಬಟ್ರಿನ್ ಕೊಡುತ್ತಾರೆ. ಅದರಿಂದಲೂ ಒಮ್ಮೊಮ್ಮೆ ಕೈಕಾಲು ತಿರುಚುವ ಚಲನೆ ಬರುವುದುಂಟು. ಇವುಗಳ ವಿಷಯವನ್ನು ಮಕ್ಕಳ ತಜ್ಞರೇ ನೋಡಬೇಕು.

ವರ್ಷಗಟ್ಟಲೆ ಫೆನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪಿನ್ ತೆಗೆದುಕೊಂಡ ಮಕ್ಕಳಲ್ಲಿ ಇನ್ನೊಂದು ಬಗೆಯ ನಡಿಗೆ ಕಾಣಬಹುದು: ಬಾತುಕೋಳಿಯ ಹಾಗೆ ಸೊಂಟ ಆಡಿಸುತ್ತ, ಮೆಟ್ಟಿಲು ಹತ್ತುವಾಗ ತೊಡೆ ನೋವೆನ್ನುತ್ತ. ಅದು ಕಿರುಮೆದುಳಿನ ಮಾತಲ್ಲ. ಈ ಔಷಧಗಳು ಮೈಯೊಳಗಿನ ಡಿ ಜೀವಸತ್ವವನ್ನು ಬೇಗ ಕರಗಿಸುವುದರಿಂದ ಎಲುಬು ಮೆತ್ತಗಾಗಿರುತ್ತದೆ. ಬಿಸಿಲು, ಹಾಲು, ರಾಗಿ ಒಳ್ಳೆಯವು. ಆದರೂ ಔಷಧವಾಗಿಯೇ ಡಿ ಜೀವಸತ್ವ ಬೇಕೇ ಎಂದು ಕೇಳಿರಿ.

ಬಾಟಲಿಯೂ ಚಮಚೆಯೂ

ನಾನು ಕಂಡಂತೆ ಹಳ್ಳಿಯ ಮನೆಗಳಲ್ಲಿ ಅರ್ಧ ತೊಂದರೆ ಔಷಧದ್ದಲ್ಲ, ಅಳತೆಯದು. ನಮ್ಮ ಸುತ್ತಿನ ಒಂದು ಊರಿನಲ್ಲಿ ಎಂಟು ವರ್ಷದ ಒಬ್ಬ ಹುಡುಗನಿಗೆ ಫೆನಿಟಾಯಿನ್ ಸಿರಪ್ಪನ್ನು ಹೊತ್ತಿಗೆ 8 ಮಿಲಿಯಂತೆ ಎರಡು ಹೊತ್ತು ಬರೆದುಕೊಟ್ಟಿದ್ದರು. ಐದು ತಿಂಗಳು ಫಿಟ್ಸ್ ಬರಲಿಲ್ಲ. ಬಾಟಲಿ ತೀರಿದಾಗ ತಂದೆ ಬೇರೆ ಊರಿನ ಅಂಗಡಿಯಿಂದ ಅದೇ ಔಷಧ ತಂದ. ನಾಲ್ಕನೆಯ ದಿನಕ್ಕೆ ಹುಡುಗ ಗೋಡೆ ಹಿಡಿದು ನಡೆಯತೊಡಗಿದ, ತಿಂದದ್ದೆಲ್ಲ ವಾಂತಿ. ನೆರೆಯವರು ಮೂರು ತರಹ ಹೇಳಿದರು: ಸೋಂಕು ಎಂದರು ಒಬ್ಬರು, ಫಿಟ್ಸೇ ಹೊಸ ರೂಪದಲ್ಲಿ ಬಂದಿದೆ ಎಂದರು ಇನ್ನೊಬ್ಬರು, ಔಷಧವನ್ನು ಗಟಾರಕ್ಕೆ ಚೆಲ್ಲು ಎಂದರು ಮತ್ತೊಬ್ಬರು. ಅಜ್ಜಿ ಮಾತ್ರ ಹಳೆಯ ಬಾಟಲಿಯನ್ನು ಎತ್ತಿಟ್ಟಿದ್ದಳು. ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಅದೇ ದಿನ ದವಾಖಾನೆಗೆ ಹೋದರು. ಹಳೆಯದರ ಮೇಲೆ 5 ಮಿಲಿಗೆ 30 ಮಿಲಿಗ್ರಾಂ ಎಂದಿತ್ತು. ಹೊಸದರ ಮೇಲೆ 5 ಮಿಲಿಗೆ 125 ಮಿಲಿಗ್ರಾಂ. ಹೆಸರು ಒಂದೇ, ಕಸುವು ನಾಲ್ಕು ಪಟ್ಟಿಗೂ ಮೇಲೆ. ದಿನಕ್ಕೆ 96 ಮಿಲಿಗ್ರಾಂ ಹೋಗಬೇಕಾದಲ್ಲಿ 400 ಹೋಗುತ್ತಿತ್ತು. ಡಾಕ್ಟರರು ದಾಖಲು ಮಾಡಿಕೊಂಡು, ರಕ್ತ ಪರೀಕ್ಷಿಸಿ, ತಮ್ಮ ಕಣ್ಣೆದುರಿನಲ್ಲಿಯೇ ಔಷಧವನ್ನು ತಡೆದು, ಮಟ್ಟ ಇಳಿದ ಮೇಲೆ ಸರಿಯಾದ ಪ್ರಮಾಣದಲ್ಲಿ ಮತ್ತೆ ಚಾಲೂ ಮಾಡಿದರು. ಎರಡು ವಾರದಲ್ಲಿ ಹುಡುಗ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ. ಆ ಅಜ್ಜಿಗೆ ಓದು ಬಾರದು.

ಆದ್ದರಿಂದ ಬಾಟಲಿ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿರಿ. ಹೆಸರು, 5 ಮಿಲಿಗೆ ಎಷ್ಟು ಮಿಲಿಗ್ರಾಂ, ಎರಡೂ ತಾಳೆಯಾಗಬೇಕು. ಗುಳಿಗೆಯಾದರೆ ಒಂದು ಗುಳಿಗೆಗೆ ಎಷ್ಟು ಮಿಲಿಗ್ರಾಂ ಎಂಬುದು. ಸರಕಾರಿ ದವಾಖಾನೆಯಿಂದ ಪುಕ್ಕಟೆ ಬಂದ ಪಟ್ಟಿಯ ಬಣ್ಣ ಬದಲಾದರೂ ಇದನ್ನೇ ನೋಡಿರಿ. ಕಂಪನಿ ಬದಲಾದರೆ ಡಾಕ್ಟರರ ಕಿವಿಗೆ ಹಾಕಿರಿ.

ಫೆನಿಟಾಯಿನ್ ಸಿರಪ್ಪಿನಲ್ಲಿ ಔಷಧ ನೀರಿನಲ್ಲಿ ಕರಗಿರುವುದಿಲ್ಲ, ತೇಲುತ್ತಿರುತ್ತದೆ. ನಿಂತರೆ ತಳಕ್ಕೆ ಕೂಡ್ರುತ್ತದೆ. ತೊಯ್ಯುವ ಪುಡಿಯನ್ನು ಸ್ಪ್ರೇ ಪಂಪಿಗೆ ಹಾಕಿ ಕದಡದೆ ಹೊಡೆದರೆ ಏನಾಗುತ್ತದೆಂದು ನಿಮಗೆ ಗೊತ್ತು: ಮೊದಲ ಸಾಲಿಗೆ ಬರೀ ನೀರು, ಕೊನೆಯ ಸಾಲಿನ ಎಲೆ ಸುಟ್ಟುಹೋಗುತ್ತದೆ. ಬಾಟಲಿಯ ಕಥೆಯೂ ಅದೇ. ಅಲುಗಾಡಿಸದೆ ಕೊಟ್ಟರೆ ಮೊದಲ ಹತ್ತು ದಿನ ಔಷಧ ಸಾಲದೆ ಫಿಟ್ಸ್ ಬರುತ್ತದೆ, ಕೊನೆಯ ದಿನಗಳಲ್ಲಿ ಹೆಚ್ಚಾಗಿ ಮಗು ತೂರಾಡುತ್ತದೆ. ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಿಯೇ ಬಗ್ಗಿಸಬೇಕು.

ಅಡಿಗೆ ಮನೆಯ ಚಮಚೆಯಿಂದ ಅಳೆಯಕೂಡದು. ಒಂದು ಮನೆಯ ಚಮಚೆ 3 ಮಿಲಿ, ಇನ್ನೊಂದರದು 7 ಮಿಲಿ ಇರುತ್ತದೆ. ಸೂಜಿಯಿಲ್ಲದ ಪಿಚಕಾರಿ ಅಗ್ಗಕ್ಕೆ ಸಿಗುತ್ತದೆ, ಅದರ ಮೇಲೆ ಮಿಲಿಯ ಗೆರೆಗಳಿರುತ್ತವೆ. ಇನ್ನು, ಕ್ರಿಮಿನಾಶಕದ ಜೊತೆ ಬಂದ ಅಳತೆಯ ಮುಚ್ಚಳವನ್ನು ತೊಳೆದು ಮಗುವಿನ ಔಷಧಕ್ಕೆ ಬಳಸಿದ್ದನ್ನು ನಾನು ಒಂದು ಮನೆಯಲ್ಲಿ ಕಂಡು ಗಾಬರಿಯಾದೆ. ಎಷ್ಟು ತೊಳೆದರೂ ಅದು ವಿಷದ ಮುಚ್ಚಳವೇ. ಎಂಡೋಸಲ್ಫಾನಿನಂಥ ವಿಷಗಳು ಆರೋಗ್ಯವಂತನಿಗೂ ಫಿಟ್ಸ್ ತರಿಸುತ್ತಿದ್ದವು. ಅದನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆದರೂ ಹಳೆಯ ಡಬ್ಬಿಗಳು ಅಟ್ಟದ ಮೇಲೆ ಇದ್ದರೆ ಮನೆಯಿಂದ ದೂರ ಮಾಡಬೇಕು.

ಪ್ರಮಾಣ ನಿಲ್ಲುವುದು ಮಗುವಿನ ತೂಕದ ಮೇಲೆ. ಎತ್ತಿಗೂ ಕರುವಿಗೂ ಒಂದೇ ಮೇವಿನ ಲೆಕ್ಕವಿಲ್ಲ. ಅಣ್ಣನ ಗುಳಿಗೆಯನ್ನು ತಂಗಿಗೆ ಕೊಡುವುದು, ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡು ಪಟ್ಟು ಕೊಡುವುದು, ಇವೆರಡೂ ತೂರಾಟಕ್ಕೆ ದಾರಿ.

ಬೇರೆ ಔಷಧ ಸೇರಿದಾಗ

ಕ್ಷಯರೋಗಕ್ಕೆ ಕೊಡುವ ಐಸೊನಿಯಾಜಿಡ್ ಎಂಬ ಗುಳಿಗೆ ಫೆನಿಟಾಯಿನ್, ಕಾರ್ಬಮಜೆಪಿನ್ ಕರಗುವ ಕಾಲುವೆಗೆ ಕಟ್ಟೆ ಹಾಕಿದಂತೆ ಮಾಡುತ್ತದೆ. ಪ್ರಮಾಣ ಹೆಚ್ಚಿಸದಿದ್ದರೂ ರಕ್ತದಲ್ಲಿ ಔಷಧ ಏರುತ್ತದೆ. ಕೆಮ್ಮು ಗಂಟಲು ನೋವಿಗೆ ಕೊಡುವ ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್‌ಗಳು ಕಾರ್ಬಮಜೆಪಿನ್‌ಗೆ ಹಾಗೆಯೇ ಮಾಡುತ್ತವೆ. ನೆಗಡಿಗೆ ತೋರಿಸಲು ಹೋದಾಗಲೂ "ನಮ್ಮ ಹುಡುಗಗ ಫಿಟ್ಸಿನ ಗುಳಗಿ ನಡದಾವರಿ" ಎಂದು ಮೊದಲ ಮಾತಿನಲ್ಲಿಯೇ ಹೇಳಿಬಿಡಬೇಕು. ಇದರಲ್ಲಿ ನಾಚಿಕೆಯೇನಿಲ್ಲ.

ಇನ್ನೊಂದು ಸಂಗತಿ ಫಿಟ್ಸ್ ಇಲ್ಲದ ಮನೆಯವರೂ ತಿಳಿದಿರಬೇಕಾದುದು. ವಾಂತಿ ನಿಲ್ಲುವುದಕ್ಕೆಂದು ಮೆಟೊಕ್ಲೊಪ್ರಮೈಡ್ ಮುಂತಾದ ಸೂಜಿ ಅಥವಾ ಗುಳಿಗೆ ಕೊಟ್ಟಾಗ ಕೆಲವು ಮಕ್ಕಳಿಗೆ ಕೆಲವು ತಾಸಿನಲ್ಲಿ, ಒಮ್ಮೊಮ್ಮೆ ಮರುದಿನ, ಕತ್ತು ಒಂದು ಕಡೆ ತಿರುಚಿಕೊಂಡು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ನಾಲಗೆ ಹೊರಬರುತ್ತದೆ. ಎಲ್ಲರೂ ಫಿಟ್ಸ್ ಎಂದೇ ತಿಳಿಯುತ್ತಾರೆ. ಆದರೆ ಮಗುವಿಗೆ ಪೂರ್ತಿ ಎಚ್ಚರವಿರುತ್ತದೆ, ಕರೆದರೆ ಕೇಳುತ್ತದೆ, ನೋವಿಗೆ ಅಳುತ್ತದೆ. ಇದಕ್ಕೆ ಬೇರೆ ಸೂಜಿಯುಂಟು, ಸ್ವಲ್ಪ ಹೊತ್ತಿನಲ್ಲಿಯೇ ಇಳಿಯುತ್ತದೆ. ಕೊಟ್ಟ ಔಷಧದ ಖಾಲಿ ಪಟ್ಟಿ ಅಥವಾ ಚೀಟಿಯನ್ನು ಜೊತೆಗೆ ಒಯ್ದರೆ ಮಗು ವರ್ಷಗಟ್ಟಲೆ ಬೇಡದ ಫಿಟ್ಸಿನ ಗುಳಿಗೆ ನುಂಗುವುದು ತಪ್ಪುತ್ತದೆ.

ಫಿಟ್ಸೋ ಔಷಧವೋ ಎಂಬ ಗುರುತನ್ನು ಮನೆಯಲ್ಲಿ ಹೀಗೆ ಹಿಡಿಯಬಹುದು. ಫಿಟ್ಸ್ ಒಮ್ಮೆಲೇ ಬರುತ್ತದೆ, ಸಾಧಾರಣವಾಗಿ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ, ಆಮೇಲೆ ಮಗು ನಿದ್ದೆ ಹೋಗುತ್ತದೆ. ಔಷಧದ ತೂರಾಟ ನಡುಕಗಳು ತಾಸುಗಟ್ಟಲೆ, ದಿನಗಟ್ಟಲೆ ಇರುತ್ತವೆ, ಮಗು ಎಚ್ಚರದಿಂದ ಮಾತಾಡುತ್ತಲೇ ಇರುತ್ತದೆ. ಸಂಶಯವಿದ್ದರೆ ಮೊಬೈಲಿನಲ್ಲಿ ಚಿತ್ರ ಹಿಡಿದಿಟ್ಟುಕೊಳ್ಳಿರಿ. ನೀವು ಹತ್ತು ಮಾತಿನಲ್ಲಿ ಹೇಳುವುದನ್ನು ಡಾಕ್ಟರರು ಅರ್ಧ ನಿಮಿಷದ ಚಿತ್ರದಲ್ಲಿ ಕಂಡುಕೊಳ್ಳುತ್ತಾರೆ.

ಅಂಗಳದಲ್ಲಿ ಮಾಡುವ ಪರೀಕ್ಷೆ

ಹೊಸ ಗುಳಿಗೆ ಚಾಲೂ ಆದಾಗ, ಪ್ರಮಾಣ ಹೆಚ್ಚಿಸಿದಾಗ, ವಾರಕ್ಕೊಮ್ಮೆ ಇದನ್ನು ಮಾಡಿರಿ. ಅಂಗಳದಲ್ಲಿ ರಂಗೋಲಿಯಿಂದ ಹತ್ತು ಮಾರು ಉದ್ದದ ಒಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆ ಎನ್ನಿರಿ. ಆರೇಳು ವರ್ಷದ ಮೇಲಿನ ಮಕ್ಕಳು ಆಟವೆಂದು ನಡೆಯುತ್ತಾರೆ. ಮೊದಲು ನಡೆಯುತ್ತಿದ್ದವನು ಈಗ ಗೆರೆ ತಪ್ಪಿದರೆ ಅದು ಸೂಚನೆ. ಎರಡೂ ಕೈ ಚಾಚಿಸಿ ಮೇಲೆ ಒಂದು ತೆಳುವಾದ ಕಾಗದ ಇಡಿರಿ; ಕಣ್ಣಿಗೆ ಕಾಣದ ನಡುಕ ಕಾಗದಕ್ಕೆ ಕಾಣುತ್ತದೆ. ಒಂದು ಹಾಳೆಯ ಮೇಲೆ ತನ್ನ ಹೆಸರನ್ನು ಬರೆಯಿಸಿ ತಾರೀಖು ಹಾಕಿರಿ. ನಾಲ್ಕು ವಾರದ ನಾಲ್ಕು ಹೆಸರು ಒಂದರ ಕೆಳಗೆ ಒಂದು ಬಂದಾಗ ಯಾರೂ ವಾದ ಮಾಡುವ ಕಾರಣವಿಲ್ಲ. ಎಳೆಯ ಮಕ್ಕಳಿಗೆ ಈ ಪರೀಕ್ಷೆ ನಡೆಯದು. ನಿನ್ನೆ ಮೊನ್ನೆ ಕೂಡ್ರುತ್ತಿದ್ದ, ನಿಲ್ಲುತ್ತಿದ್ದ ಕೂಸು ಈಗ ಉರುಳುತ್ತದೆಯೇ ಎಂದು ತಾಯಿಯೇ ನೋಡಿಕೊಳ್ಳಬೇಕು.

ಶಾಲೆಯ ಗುರುಗಳಿಗೂ ಒಂದು ಮಾತು ತಿಳಿಸಿಡಿರಿ. ಅಕ್ಷರ ಕೆಟ್ಟದ್ದು, ಮಧ್ಯಾಹ್ನ ತೂಕಡಿಸುವುದು ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಔಷಧದ ವಿಷಯ ಗೊತ್ತಿಲ್ಲದ ಗುರುಗಳು ಸೋಮಾರಿತನವೆಂದು ಶಿಕ್ಷಿಸಿದರೆ ತಪ್ಪು ಮುಚ್ಚಿಟ್ಟವರದೂ ಆಗುತ್ತದೆ. ನಡಿಗೆ ಸರಿಹೋಗುವತನಕ ಆ ಮಗುವನ್ನು ಬಾವಿ, ಕಾಲುವೆ, ಒಲೆ, ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರ್ ಇವುಗಳ ಹತ್ತಿರ ಒಂಟಿಯಾಗಿ ಬಿಡಕೂಡದು.

ಗುಳಿಗೆ ಬಿಡಿಸುವುದೇಕೆ ಕೂಡದು?

ಒತ್ತಿ ಹಿಡಿದ ಕೆರಳಿಕೆಯ ಮೇಲಿನ ಕೈಯನ್ನು ಒಮ್ಮೆಲೇ ತೆಗೆದರೆ ಅದು ಮೊದಲಿಗಿಂತ ಜೋರಾಗಿ ಏಳುತ್ತದೆ. ಒಂದರ ಹಿಂದೆ ಒಂದು ಫಿಟ್ಸ್ ಬಂದು ನಿಲ್ಲದೆಹೋದರೆ ಮೆದುಳಿಗೆ ಶಾಶ್ವತ ಹಾನಿ, ಪ್ರಾಣವೂ ಹೋಗುತ್ತದೆ. ತೂರಾಟ ಔಷಧದ್ದೇ ಎಂದು ಖಾತ್ರಿಯಾದರೂ ಎಷ್ಟು ಇಳಿಸಬೇಕು, ಎಷ್ಟು ದಿನದಲ್ಲಿ ಇಳಿಸಬೇಕು, ಬದಲು ಏನು ಕೊಡಬೇಕು ಎಂಬುದು ಡಾಕ್ಟರರ ಲೆಕ್ಕ. ಮೈಮೇಲೆ ಕೆಂಪು ಗಂದೆ ಎದ್ದು ಬಾಯಿ ಹುಣ್ಣಾದರೆ ಅದು ಬೇರೆಯೇ ಅವಸರ, ಆ ತಾಸಿನಲ್ಲಿಯೇ ಹೊರಡಬೇಕು.

ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿರಿ. ಬಾಯಿಗೆ ನೀರು, ಚಮಚೆ, ಬೆರಳು ಹಾಕಬಾರದು. ಕೈಗೆ ಕೀಲಿಕೈ, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ ಹಿಡಿಯುವುದರಿಂದ ಏನೂ ಆಗುವುದಿಲ್ಲ. ಫಿಟ್ಸ್ ತಾನಾಗಿಯೇ ನಿಲ್ಲುವ ಹೊತ್ತಿಗೆ ಕೀಲಿಕೈ ಸಿಕ್ಕಿರುತ್ತದೆ, ಅಷ್ಟೆ. ಐದು ನಿಮಿಷ ದಾಟಿದರೆ 108ಕ್ಕೆ ಫೋನು ಮಾಡಿರಿ. ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಮನೆಯಲ್ಲಿ ಇಟ್ಟುಕೊಳ್ಳಬೇಕೇ ಎಂದು ಡಾಕ್ಟರರನ್ನು ಮೊದಲೇ ಕೇಳಿಡುವುದು ಒಳ್ಳೆಯದು.

ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಮಗುವಿನ ಗುಳಿಗೆಯನ್ನು ಬುತ್ತಿಯ ಗಂಟಿನಲ್ಲಿಯೇ ಕಟ್ಟಿಕೊಳ್ಳಿರಿ. ಹರಕೆ ನಿಮ್ಮ ನಂಬಿಕೆ, ನಾನು ಅಡ್ಡ ಬರುವವನಲ್ಲ. ಆದರೆ ಚಕ್ಕಡಿಯಲ್ಲಿ ನಿದ್ದೆಗೆಟ್ಟು, ಉಪವಾಸವಿದ್ದು, ಎರಡು ಹೊತ್ತು ಗುಳಿಗೆ ತಪ್ಪಿದ ಮಗುವಿಗೆ ಜಾತ್ರೆಯ ಗದ್ದಲದಲ್ಲಿ ಫಿಟ್ಸ್ ಬರುವುದು ಹೊಸದಲ್ಲ.

ಎಲ್ಲಿ ತೋರಿಸಬೇಕು?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಸವದತ್ತಿ, ಬೈಲಹೊಂಗಲ, ರಾಮದುರ್ಗದ ತಾಲೂಕಾ ದವಾಖಾನೆ. ರಕ್ತದ ಮಟ್ಟ ನೋಡುವುದು, ತಜ್ಞರ ಸಲಹೆ ಬೇಕಾದರೆ ಬೆಳಗಾವಿಯ ಜಿಲ್ಲಾ ದವಾಖಾನೆ, ಧಾರವಾಡದ ಡಿಮ್ಹಾನ್ಸ್, ಜನ ಕಿಮ್ಸ್ ಎಂದು ಕರೆಯುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ದವಾಖಾನೆ ಇವೆ. ದೊಡ್ಡ ಊರಿಗೆ ಹೋದರೇನೇ ವಾಸಿ ಎಂಬುದು ಸುಳ್ಳು. ಚಾಮರಾಜನಗರ ಕಡೆಯ ಯಳಂದೂರು ತಾಲೂಕಿನಲ್ಲಿ 1990ರಿಂದ ನರರೋಗ ತಜ್ಞ ಡಾ. ಕೆ. ಎಸ್. ಮಣಿಯವರೂ ಅವರ ಜೊತೆಗಾರರೂ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಈ ಎರಡೇ ಅಗ್ಗದ ಔಷಧಗಳಿಂದ ಹಳ್ಳಿಯ ಜನರಿಗೆ ಹಳ್ಳಿಯ ಮಟ್ಟದಲ್ಲಿಯೇ ಉಪಚಾರ ನಡೆಸಿದರು. ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ ಆ ಲೆಕ್ಕ 2001ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ಔಷಧ ಹಳೆಯದು, ಅಗ್ಗದ್ದು ಎಂದು ಹಳಿಯುವವರಿಗೆ ಇದನ್ನು ಹೇಳಿರಿ.

ಹೋಗುವಾಗ ಒಯ್ಯಬೇಕಾದವು: ಎಲ್ಲ ಚೀಟಿಗಳು, ಈಗಿನ ಬಾಟಲಿ ಮತ್ತು ಹಿಂದಿನ ಖಾಲಿ ಬಾಟಲಿ, ಅಳತೆಗೆ ಬಳಸುವ ಪಿಚಕಾರಿ ಅಥವಾ ಚಮಚೆ, ಮಗುವಿಗೆ ಕೊಟ್ಟ ಬೇರೆ ಔಷಧಗಳ ಪಟ್ಟಿ, ಹೆಸರು ಬರೆಯಿಸಿದ ಹಾಳೆ. ರಕ್ತ ಪರೀಕ್ಷೆ ಇದೆಯೆಂದಾದರೆ ಬೆಳಗಿನ ಗುಳಿಗೆಯನ್ನು ಮೊದಲು ಕೊಡಬೇಕೋ ಆಮೇಲೋ ಎಂದು ಹಿಂದಿನ ದಿನವೇ ಕೇಳಿಕೊಳ್ಳಿರಿ.

ತಾರೀಖು, ಗುಳಿಗೆಯ ವೇಳೆ, ಫಿಟ್ಸ್, ನಡಿಗೆ, ನಡುಕ ಎಂದು ಐದು ಮನೆ ಗೆರೆ ಹಾಕಿದ ಹಾಳೆಗಳನ್ನು ನಾನು ಮಾಡಿಟ್ಟಿದ್ದೇನೆ. ಬೇಕಾದವರು ನಾನು ಊರಿಗೆ ಬಂದ ದಿನ ಕೇಳಿ ಪಡೆಯಬಹುದು. ಯಾರ ಮನೆಗೆ ಎಂದು ಹೇಳಬೇಕಾದ ಕಾರಣವಿಲ್ಲ.